ರಿಗ್, ಲಿಂಕ್, ಮಿಸ್ಡ್ ಕಾಲ್: ಲಂಡನ್ನಿನ ಪೈರೇಟ್ ರೇಡಿಯೋದಲ್ಲಿ ನನ್ನ ಅನುಭವ

ಪೈರೇಟ್ ರೇಡಿಯೋ, ಅಂದರೆ ಲೈಸೆನ್ಸ್ ಇಲ್ಲದೆ ನಡೆಸುವ ಸ್ಟೇಷನ್, ಅಂದ ತಕ್ಷಣ ಎಲ್ಲರಿಗೂ ಮೈಕ್ ಹಿಡಿದು ಹಾಡಿನ ಮೇಲೆ ತಾಳಕ್ಕೆ ಮಾತು ಕಟ್ಟುವ ಎಂಸಿ, ರೆಕಾರ್ಡ್ ತಿರುಗಿಸುವ ಡಿಜೆ ನೆನಪಾಗುತ್ತಾರೆ. ನಾನು ಇದ್ದದ್ದು ಬೇರೆ ಕಡೆ. 1990ರ ದಶಕದ ಕೊನೆಯಲ್ಲಿ ಪೂರ್ವ ಲಂಡನ್ನಿನಲ್ಲಿ ಗ್ಯಾರೇಜ್ ಎಂಬ ಡ್ಯಾನ್ಸ್ ಸಂಗೀತ ಹಾಕುವ ಒಂದು ಸ್ಟೇಷನ್ನಿಗೆ ರಿಗ್ ನೋಡಿಕೊಳ್ಳುತ್ತಿದ್ದೆ. ರಿಗ್ ಅಂದರೆ ಟ್ರಾನ್ಸ್‌ಮಿಟರ್. ಭಾನುವಾರಗಳಲ್ಲಿ ಸ್ಟುಡಿಯೋದ ಫೋನ್ ಕೂಡ ನನ್ನ ಕೈಯಲ್ಲೇ ಇರುತ್ತಿತ್ತು. ಹೊರಗೆ ಹೋಗುವ ದನಿ, ಒಳಗೆ ಬರುವ ಕರೆ, ಎರಡನ್ನೂ ಒಟ್ಟಿಗೆ ನೋಡಿದ್ದರಿಂದ ಒಂದು ವಿಷಯ ನನಗೆ ಖಂಡಿತ ಗೊತ್ತು. ಆ ಸಂಗೀತ ರೇಡಿಯೋದಲ್ಲೇ ತಯಾರಾಯಿತು. ಕೇಳುಗರು ಅದನ್ನು ವಾರವಾರವೂ ತಿದ್ದಿದರು.

ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಬ್ರಿಟನ್ನಿನಲ್ಲಿ 1949ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕೆಳಗೆ ಆಗ ಅಪರಾಧವಾಗಿತ್ತು. 1964ರಲ್ಲಿ ರೇಡಿಯೋ ಕ್ಯಾರೊಲೈನ್ ಈ ಕಾನೂನಿಗೆ ಸಿಗದಂತೆ ಸಮುದ್ರದಲ್ಲಿ ನಿಂತ ಹಡಗಿನ ಮೇಲಿಂದ ಪಾಪ್ ಹಾಡು ಕೇಳಿಸಿತು. 1967ರ ಆಗಸ್ಟಿನಲ್ಲಿ ಅದನ್ನೂ ತಡೆಯುವ ಕಾನೂನು ಬಂತು. ಮರುತಿಂಗಳು ಬಿಬಿಸಿ ರೇಡಿಯೋ 1 ಶುರುವಾಯಿತು. ಅಲ್ಲಿ ಮಾತಾಡಿದವರಲ್ಲಿ ಬಹಳ ಮಂದಿ ಹಡಗಿನಿಂದ ಬಂದ ಡಿಜೆಗಳು. ಆಮೇಲೆ ಹಡಗಿನ ಜಾಗಕ್ಕೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕಟ್ಟಿಸಿದ ಎತ್ತರದ ವಸತಿ ಕಟ್ಟಡಗಳು ಬಂದವು. ಸೋಲ್, ರೆಗೇ, ಹೌಸ್ ಸಂಗೀತಕ್ಕೆ ದೊಡ್ಡ ಸ್ಟೇಷನ್ನುಗಳಲ್ಲಿ ಜಾಗ ಕಡಿಮೆ ಇತ್ತು. ಅದನ್ನು ಆಡುವವರೂ ಕೇಳುವವರೂ ಇದೇ ಕಟ್ಟಡಗಳಲ್ಲಿ ಇದ್ದರು. ಕಿಸ್ ಎಫ್‌ಎಂ 1985ರಲ್ಲಿ ಪೈರೇಟ್ ಆಗಿ ಹುಟ್ಟಿ 1990ರಲ್ಲಿ ಲೈಸೆನ್ಸ್ ಪಡೆಯಿತು. 1991ರಲ್ಲಿ ಹ್ಯಾಕ್ನಿಯಲ್ಲಿ ಕೂಲ್ ಎಫ್‌ಎಂ ಬಂತು, ಜಂಗಲ್ ಸಂಗೀತಕ್ಕೆ ಮನೆ ಸಿಕ್ಕಿತು. 1994ರಲ್ಲಿ ರಿನ್ಸ್ ಎಫ್‌ಎಂ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಬೈಯಲಿಲ್ಲ. ಅಪ್ಪ ಮೈಸೂರಿನವರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ ಕಥೆ ಕೇಳಿ ಬೆಳೆದವರು. "ಅವರದ್ದು ಎಷ್ಟು ವ್ಯಾಟ್ ಗೊತ್ತೇನೋ? ಮೊದಲು ಮೂವತ್ತು!" ಅಂದರು. ನಮ್ಮ ರಿಗ್ ಅದಕ್ಕಿಂತ ದೊಡ್ಡದು ಅಂತ ತಿಳಿದು ಅವರಿಗೆ ಖುಷಿಯೇ ಆಯಿತು.

ಆದರೆ ಎಫ್‌ಎಂನಲ್ಲಿ ವ್ಯಾಟ್‌ಗಿಂತ ಎತ್ತರ ಮುಖ್ಯ. ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಕಟ್ಟಡ ಅಡ್ಡ ಬಂದರೆ ಕುಗ್ಗುತ್ತದೆ. ಇಪ್ಪತ್ತನೇ ಮಹಡಿಯ ಮೇಲಿಟ್ಟ ಸಣ್ಣ ರಿಗ್, ಕೆಳಗಿಟ್ಟ ದೊಡ್ಡ ರಿಗ್‌ಗಿಂತ ಎಷ್ಟೋ ದೂರ ಕೇಳಿಸುತ್ತದೆ. ಏರಿಯಲ್ ಎಂದರೆ ಅಲ್ಯೂಮಿನಿಯಂ ಕೊಳವೆಯ ಡೈಪೋಲ್, ಅಂದರೆ ಎರಡು ತುಂಡುಗಳ ಆಂಟೆನಾ. ಒಟ್ಟು ಉದ್ದ ಸುಮಾರು 1.5 ಮೀಟರ್. ನಮ್ಮ ಫ್ರೀಕ್ವೆನ್ಸಿಗೆ ಸರಿಯಾದ ಉದ್ದಕ್ಕೆ ಕತ್ತರಿಸದಿದ್ದರೆ ಶಕ್ತಿ ವಾಪಸ್ ಬಂದು ರಿಗ್ಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಬೇಡದ ಫ್ರೀಕ್ವೆನ್ಸಿಗಳನ್ನು ತಡೆಯುವ ಫಿಲ್ಟರ್ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. 108 ಮೆಗಾಹರ್ಟ್ಸ್ ದಾಟಿದರೆ ವಿಮಾನಗಳ ಬ್ಯಾಂಡ್. ಕೊಳಕು ರಿಗ್ ಅಲ್ಲಿಗೆ ಸೋರಿದರೆ ಜನರ ಜೀವಕ್ಕೇ ಅಪಾಯ. ದುಡ್ಡು ಉಳಿಸಲು ಫಿಲ್ಟರ್ ಬಿಟ್ಟ ಸ್ಟೇಷನ್ನುಗಳೂ ಇದ್ದವು. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಇನ್ನೊಂದು ತಲೆನೋವು ಗ್ಯಾರೇಜ್ ಸಂಗೀತದ್ದೇ. ಎಫ್‌ಎಂನಲ್ಲಿ ಕಳಿಸುವ ಮುಂಚೆ ಮೇಲಿನ ಸ್ವರಗಳನ್ನು ಹೆಚ್ಚಿಸುತ್ತಾರೆ, ಕೇಳುಗರ ರೇಡಿಯೋ ಅದನ್ನು ಮತ್ತೆ ತಗ್ಗಿಸುತ್ತದೆ. ಇದರಿಂದ ಸುಯ್ ಶಬ್ದ ಕಡಿಮೆಯಾಗುತ್ತದೆ. ಆದರೆ ಗ್ಯಾರೇಜಿನಲ್ಲಿ ಡ್ರಮ್ ಸೆಟ್ಟಿನ ಜೋಡಿ ತಾಳ, ಹೈ-ಹ್ಯಾಟ್, ಚುರುಚುರು ಅಂತ ಓಡುತ್ತಲೇ ಇರುತ್ತದೆ, ಕೆಳಗೆ ಭಾರೀ ಬೇಸ್. ಎರಡೂ ಸೇರಿ ಸಿಗ್ನಲ್ ಉಬ್ಬಿ ಪಕ್ಕದ ಸ್ಟೇಷನ್ನಿನ ಮೇಲೆ ಹರಿಯುತ್ತದೆ. ಅದಕ್ಕೆ ರಿಗ್‌ಗೆ ಮೊದಲು ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಬೇಕೇ ಬೇಕು. ಜಾಸ್ತಿ ಬಿಗಿ ಮಾಡಿದರೆ ಬೇಸ್ ಬಂದಾಗಲೆಲ್ಲ ಎಂಸಿ ದನಿ ಮುಳುಗುತ್ತದೆ. ಸ್ಟುಡಿಯೋದಲ್ಲಿ ಕೂತು ಇದನ್ನು ಸರಿಮಾಡಲು ಆಗುವುದಿಲ್ಲ. ನಾನು ಗೆಳೆಯನ ಹಳೇ ಕಾರಿನಲ್ಲಿ ರೋಮನ್ ರೋಡ್ ಸುತ್ತುತ್ತಾ ಕೇಳಿ, ಬಂದು ತಿರುಗಿಸಿ, ಮತ್ತೆ ಸುತ್ತುತ್ತಿದ್ದೆ. ನಮ್ಮ ಕೇಳುಗರು ಕೇಳುತ್ತಿದ್ದದ್ದೂ ಅಂಥ ಕಾರುಗಳಲ್ಲೇ ಅಲ್ವಾ?

ಸ್ಟುಡಿಯೋ ಒಂದು ಕಟ್ಟಡದಲ್ಲಿ, ರಿಗ್ ಇನ್ನೊಂದರ ಚಾವಣಿಯಲ್ಲಿ. ನಡುವೆ ದನಿಯನ್ನು ಅಲ್ಲಿಗೆ ಸಾಗಿಸುವ ಮೈಕ್ರೋವೇವ್ ಲಿಂಕ್. ಅಧಿಕಾರಿಗಳು ಬಂದರೆ ರಿಗ್ ಹೋಗುತ್ತದೆ, ಡೆಕ್, ಮಿಕ್ಸರ್, ರೆಕಾರ್ಡುಗಳು ಉಳಿಯುತ್ತವೆ. 1990ರ ಕಾನೂನಿನ ನಂತರ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಆಗಬಹುದಿತ್ತು. ಅಧಿಕಾರಿಗಳಿಗಿಂತ ಜಾಸ್ತಿ ಕಾಟ ಕೊಟ್ಟವರು ರಿಗ್ ಕದಿಯುವ ಬೇರೆ ಪೈರೇಟುಗಳು. ಹೊಸ ರಿಗ್‌ಗೆ ದುಡ್ಡು ಬರುತ್ತಿದ್ದದ್ದು ಎರಡು ಕಡೆಯಿಂದ. ಕ್ಲಬ್ಬಿನವರು ಜಾಹೀರಾತು ಕೊಡುತ್ತಿದ್ದರು. ಡಿಜೆಗಳು ತಮ್ಮ ಎರಡು ಗಂಟೆಗೆ ತಾವೇ ವಾರದ ಚಂದಾ ಕಟ್ಟುತ್ತಿದ್ದರು. ಹೌದು, ದುಡ್ಡು ಕೊಟ್ಟು ಆಡುತ್ತಿದ್ದರು. ಪ್ರಸಾರ ನಿಂತರೆ ಮೊದಲು ಗೊತ್ತಾಗುತ್ತಿದ್ದದ್ದು ಈಸ್ಟ್ ಹ್ಯಾಮ್‌ನ ಮನೆಯಲ್ಲಿದ್ದ ಅಮ್ಮನಿಗೆ. ಅಡುಗೆಮನೆಯಲ್ಲಿ ನಮ್ಮ ಸ್ಟೇಷನ್ನನ್ನೇ ಹಾಕಿಟ್ಟಿರುತ್ತಿದ್ದರು. "ಬರೀ ಸುಯ್ ಅಂತಿದೆ ಕಣೋ, ಹೋಗಿ ನೋಡು" ಅಂತ ಫೋನ್ ಮಾಡುತ್ತಿದ್ದರು.

ಈಗ ಫೋನಿನ ವಿಷಯ. ನನ್ನ ಪ್ರಕಾರ ಇಡೀ ಸ್ಟೇಷನ್ನಿನ ಜೀವ ಅದರಲ್ಲಿತ್ತು.

ಆಗ ಹುಡುಗ ಹುಡುಗಿಯರ ಕೈಗೆ ಪ್ರೀಪೇಡ್ ಮೊಬೈಲ್ ಬರುತ್ತಿದ್ದ ಕಾಲ. ಮಾತಾಡಿದರೆ ದುಡ್ಡು ಹೋಗುತ್ತದೆ. ಅದಕ್ಕೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ನಮ್ಮೂರಿನಲ್ಲಿ ಆಮೇಲೆ ಮನೆಮನೆಗೂ ಬಂದ ಮಿಸ್ಡ್ ಕಾಲ್ ಇದೇ. ಹಾಡು ಹಿಡಿಸಿದರೆ ಫೋನಿನ ಪರದೆ ಒಂದೇ ಸಮನೆ ಬೆಳಗುತ್ತಿತ್ತು. ನಾನು ಫೋನ್ ಎತ್ತಿ ಡಿಜೆಗೆ ತೋರಿಸುತ್ತಿದ್ದೆ, ಅವನು ರೆಕಾರ್ಡನ್ನು ಹಿಂದಕ್ಕೆಳೆದು ಮೊದಲಿಂದ ಹಾಕುತ್ತಿದ್ದ. ಈ ರಿವೈಂಡ್ ಪದ್ಧತಿ ಜಮೈಕಾದಲ್ಲಿ ಬಯಲಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ಸೌಂಡ್ ಸಿಸ್ಟಮ್‌ಗಳಿಂದ ಬಂದದ್ದು. ಎಂಸಿ ಕರೆ ಮಾಡಿದವರ ನಂಬರಿನ ಕೊನೆಯ ಮೂರು ಅಂಕಿಗಳನ್ನು ತಾಳಕ್ಕೆ ಸೇರಿಸಿ ಓದುತ್ತಿದ್ದ. ಹೆಸರು ಬೇಡ, ವಿಳಾಸ ಬೇಡ. ತನ್ನ ಮೂರು ಅಂಕಿ ಊರಿಗೆಲ್ಲ ಕೇಳಿಸಿತು ಅನ್ನುವುದೇ ಆ ಹುಡುಗಿಗೆ ದೊಡ್ಡದು. ರಾತ್ರಿ ಪಾಳಿಯ ಕ್ಯಾಬ್ ಚಾಲಕರು, ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವವರು, ಪರೀಕ್ಷೆಗೆ ಓದುತ್ತಿದ್ದವರು, ಎಲ್ಲರೂ ಆ ಪರದೆಯಲ್ಲಿದ್ದರು.

ಹಾಡು ತಯಾರಾಗುತ್ತಿದ್ದ ದಾರಿ ಹೀಗಿತ್ತು. ಯಾರೋ ಮಲಗುವ ಕೋಣೆಯಲ್ಲಿ ಹಾಡು ಮಾಡಿ ಡಿಜೆಗೆ ಕೊಡುತ್ತಾನೆ. ಡಿಜೆ ಉತ್ತರ ಲಂಡನ್ನಿನ ಮ್ಯೂಸಿಕ್ ಹೌಸ್‌ನಂಥ ಕಡೆ ಹೋಗಿ ಡಬ್‌ಪ್ಲೇಟ್ ಕೆತ್ತಿಸುತ್ತಾನೆ. ಅದು ಮೆತ್ತನೆಯ ಲೇಪದ ತಟ್ಟೆ, ಆಡಿಸಿದಷ್ಟೂ ಸವೆಯುತ್ತದೆ. ಭಾನುವಾರ ಅದನ್ನು ರೇಡಿಯೋದಲ್ಲಿ ಹಾಕುತ್ತಾನೆ. ಮಾಡಿದವನು ಮನೆಯಲ್ಲಿ ಕೂತು ಕೇಳುತ್ತಾನೆ. ಒಂದು ಸಲ ಹೀಗೆ ಬಂದ ಹಾಡಿನಲ್ಲಿ ಚೆನ್ನಾಗಿ ಹಾಡಿದ ಗಾಯಕಿ ಇದ್ದಳು. ಆಕೆ ಹಾಡುವಷ್ಟು ಹೊತ್ತು ಫೋನ್ ಸುಮ್ಮನಿತ್ತು. ದನಿ ನಿಂತು ಬರೀ ಬೇಸ್ ಮತ್ತು ಡ್ರಮ್ ಉಳಿದ ಜಾಗದಲ್ಲಿ ಕರೆಗಳು ಸುರಿದವು. ಮುಂದಿನ ವಾರ ಅದೇ ಹಾಡು ಗಾಯಕಿಯಿಲ್ಲದೆ, ಬೇಸ್ ದಪ್ಪವಾಗಿ ಬಂತು. ಆ ಖಾಲಿ ಜಾಗದಲ್ಲಿ ಎಂಸಿಗಳು ಉದ್ದುದ್ದ ಸಾಲು ಹೇಳತೊಡಗಿದರು. ಗ್ಯಾರೇಜ್ ಮುಂದೆ ಎಂಸಿಗಳೇ ಮುಖ್ಯವಾದ ಗ್ರೈಮ್ ಸಂಗೀತ ಆದದ್ದು ಒಂದೇ ರಾತ್ರಿಯಲ್ಲಲ್ಲ, ಇಂಥ ಎಷ್ಟೋ ಭಾನುವಾರಗಳಲ್ಲಿ. 2003ರಲ್ಲಿ ಪೂರ್ವ ಲಂಡನ್ನಿನ ಬೋ ಪ್ರದೇಶದ ಗ್ರೈಮ್ ಎಂಸಿ ಡಿಝಿ ರಾಸ್ಕಲ್‌ಗೆ ವರ್ಷದ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಬಂದಾಗ ಪತ್ರಿಕೆಗಳಿಗೆ ಆಶ್ಚರ್ಯ. ಪೈರೇಟ್ ಕೇಳಿದವರಿಗೆ ಇರಲಿಲ್ಲ.

2005ರಲ್ಲಿ ರಿನ್ಸ್‌ನ ಡಿಜೆ ಸ್ಲಿಮ್ಜಿಗೆ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಚಾವಣಿ ಹತ್ತದಂತೆ ಕೋರ್ಟ್ ಆದೇಶ ಬಂತು. ಐದು ವರ್ಷಕ್ಕೆ ಅದೇ ರಿನ್ಸ್‌ಗೆ ಲೈಸೆನ್ಸ್ ಸಿಕ್ಕಿತು. ಅಷ್ಟು ಹೊತ್ತಿಗೆ ನಾನು ರಿಗ್ ಬಿಟ್ಟು ಬಹಳ ಕಾಲವಾಗಿತ್ತು.

ಈಗ ಮಾಡುವ ಕೆಲಸ ಬೇರೆ. ಆಗಿನ ಕೇಳುಗರು ರೇಡಿಯೋದಿಂದ ತುಂಬಿಸಿಟ್ಟ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ನಿಮ್ಮ ಹತ್ತಿರ ಇದ್ದರೆ ನೀವೂ ಮಾಡಬಹುದು. ಪ್ಲೇಯರಿನ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ನಿಧಾನ ತಿರುಗಿಸಿ, ಹೈ-ಹ್ಯಾಟ್ ಅತಿ ಚುರುಕಾಗಿ ಕೇಳುವ ಕಡೆ ನಿಲ್ಲಿಸಿ. ಸುಯ್ ಶಬ್ದ ತಗ್ಗಿಸುವ ಡಾಲ್ಬಿ ಹಾಕಿ ತುಂಬಿಸಿದ ಗುರುತಿಲ್ಲದಿದ್ದರೆ ಡಾಲ್ಬಿ ಆಫ್ ಮಾಡಿ. ಜಾಹೀರಾತು ಬೇಸರವಾದರೂ ಕತ್ತರಿಸಬೇಡಿ. ಯಾವ ಶನಿವಾರ ಯಾವ ಕ್ಲಬ್ಬು ಅಂತ ಅದರಲ್ಲಿ ಹೇಳಿರುತ್ತಾರೆ, ಕ್ಯಾಸೆಟ್‌ನ ತಾರೀಖು ಹಿಡಿಯಲು ಎಷ್ಟೋ ಸಲ ಅದೊಂದೇ ಆಧಾರ. ಎಂಸಿ ಓದುವ ಮೂರು ಅಂಕಿಗಳನ್ನೂ ಹಾಗೇ ಬಿಡಿ.