ಗೇಮ್ ಕನ್ಸೋಲ್‌ನಲ್ಲಿ ಸಿನಿಮಾ ಡಿಸ್ಕ್: ಕೊಳ್ಳುವ ಮುಂಚೆ ಡ್ರೈವ್ ನೋಡುವುದು ಹೇಗೆ?

ಗೆಳೆಯನೊಬ್ಬ ಮನೆ ಬದಲಿಸುವಾಗ ರಟ್ಟಿನ ಪೆಟ್ಟಿಗೆ ತುಂಬ ಸಿನಿಮಾ ಡಿಸ್ಕ್‌ಗಳನ್ನು ನನಗೆ ದಾಟಿಸಿ ಹೋದ. ಅದರಲ್ಲಿ ನಾಲ್ಕೈದು ಡಬ್ಬಿಗಳು ಕಡುಗೆಂಪು ಬಣ್ಣದವು. ಮೇಲೆ ‘ಎಚ್‌ಡಿ’ ಅಂತ ಬರೆದಿತ್ತು. ಡಿಸ್ಕ್ ಮೇಲೆ ಒಂದು ಗೀರೂ ಇರಲಿಲ್ಲ. ಕನ್ಸೋಲ್‌ನ ಸೀಳಿಗೆ ಇಟ್ಟೆ, ಒಳಗೆ ಎಳೆದುಕೊಂಡಿತು. ಟಿಕ್ ಟಿಕ್ ಅಂದಿತು, ಸುಯ್ ಅಂತ ಸುತ್ತಿತು. ಆಮೇಲೆ ಓದಲು ಬರುವುದಿಲ್ಲ ಎಂದು ಹೇಳಿ, ಮಕ್ಕಳು ನಾಲಿಗೆ ಚಾಚಿ ಅಣಕಿಸುವ ಹಾಗೆ ಡಿಸ್ಕನ್ನು ಹೊರಗೆ ತಳ್ಳಿತು. ಒರೆಸಿ ಹಾಕಿದೆ. ಮತ್ತೆ ನಾಲಿಗೆ.

ಡ್ರೈವ್ ಕೆಟ್ಟಿದೆ ಅಂತಲೇ ಅಂದುಕೊಂಡೆ. ಕೆಟ್ಟಿರಲಿಲ್ಲ. ಆ ಡಿಸ್ಕ್‌ಗಳು ಎಚ್‌ಡಿ ಡಿವಿಡಿ, ನನ್ನ ಕನ್ಸೋಲ್ ಓದುವುದು ಬ್ಲೂ-ರೇ. ಎರಡೂ 12 ಸೆಂಟಿಮೀಟರ್ ಅಗಲ, ಎರಡೂ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತವೆ. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ, ಅಷ್ಟೇ.

ಕನ್ಸೋಲ್ ಹೋಲಿಸುವಾಗ ಎಲ್ಲರೂ ಗ್ರಾಫಿಕ್ಸ್ ಹೇಗಿದೆ, ಸ್ಟೋರೇಜ್ ಎಷ್ಟು, ಯಾವ ಗೇಮ್ ಸಿಗುತ್ತದೆ ಅಂತ ಕೇಳುತ್ತಾರೆ. ಆ ಸೀಳಿನ ಹಿಂದೆ ಯಾವ ಡ್ರೈವ್ ಕೂತಿದೆ ಅಂತ ಕೇಳುವವರು ಕಡಿಮೆ. ಸಿನಿಮಾಕ್ಕೂ ಇದೇ ಪೆಟ್ಟಿಗೆ ಸಾಕು ಅನ್ನುವ ಲೆಕ್ಕ ನಿಮ್ಮದಾಗಿದ್ದರೆ ಮೊದಲು ಕೇಳಬೇಕಾದದ್ದೇ ಅದು. ಗೇಮ್ ಬೇಕಾದರೆ ಇಂಟರ್ನೆಟ್‌ನಿಂದ ಡೌನ್‌ಲೋಡ್ ಆಗುತ್ತದೆ. ಡ್ರೈವ್ ಆಗುವುದಿಲ್ಲ.

ಹಂತ 1: ಇರುವ ಡಿಸ್ಕ್‌ಗಳನ್ನು ಗುಡ್ಡೆ ಹಾಕಿ

ಕಪಾಟಿನಲ್ಲಿರುವುದನ್ನೆಲ್ಲ ನೆಲದ ಮೇಲೆ ಹರಡಿ. ಡಿವಿಡಿ ಒಂದು ಗುಡ್ಡೆ, ಬ್ಲೂ-ರೇ ಒಂದು ಗುಡ್ಡೆ, 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಇನ್ನೊಂದು. ಸಾಮಾನ್ಯವಾಗಿ ಬ್ಲೂ-ರೇ ಡಬ್ಬಿ ನೀಲಿ, 4ಕೆ ಡಬ್ಬಿ ಕಪ್ಪು, ಎಚ್‌ಡಿ ಡಿವಿಡಿ ಡಬ್ಬಿ ಕೆಂಪು. ಆದರೆ ಬಣ್ಣವನ್ನೇ ನಂಬಬೇಡಿ, ಡಬ್ಬಿಗಳು ಅದಲುಬದಲಾಗಿರುತ್ತವೆ. ಡಿಸ್ಕ್ ಮೇಲಿನ ಚಿಹ್ನೆ ಓದಿ. 4ಕೆ ಡಬ್ಬಿಗಳಲ್ಲಿ ಎಷ್ಟೋ ಸಲ ಎರಡು ಡಿಸ್ಕ್ ಇರುತ್ತವೆ. ಒಂದು 4ಕೆ, ಇನ್ನೊಂದು ಅದೇ ಸಿನಿಮಾದ ಮಾಮೂಲಿ ಬ್ಲೂ-ರೇ.

ಹಾಡಿನ ಸಿಡಿಗಳಿದ್ದರೆ ಅವನ್ನೂ ಬೇರೆ ಇಡಿ. ಪ್ಲೇಸ್ಟೇಷನ್ 4 ಮತ್ತು 5 ಆಡಿಯೊ ಸಿಡಿಯನ್ನು ಮುಟ್ಟುವುದೇ ಇಲ್ಲ. ಇದನ್ನು ಕೊಂಡ ಮೇಲೆ ಕಂಡುಕೊಂಡು ಪೆಚ್ಚಾದವರು ಬೇಕಾದಷ್ಟು ಜನ.

ಹಂತ 2: ಯಾವುದು ಯಾವುದನ್ನು ಓದುತ್ತದೆ, ಏಕೆ?

ಡಿಸ್ಕ್ ಓದುವುದು ಲೇಸರ್. ಡಿವಿಡಿಗೆ ಬೇಕಾದದ್ದು ಕೆಂಪು ಲೇಸರ್, ಅದರ ಅಲೆಯ ಉದ್ದ 650 ನ್ಯಾನೊಮೀಟರ್. ಬ್ಲೂ-ರೇಗೆ ಬೇಕಾದದ್ದು ನೀಲಿ-ನೇರಳೆ ಲೇಸರ್, 405 ನ್ಯಾನೊಮೀಟರ್. ಮೊಂಡು ಪೆನ್ಸಿಲ್‌ನಲ್ಲಿ ಬರೆದರೆ ಪುಟದಲ್ಲಿ ಹತ್ತೇ ಸಾಲು ಹಿಡಿಯುತ್ತದೆ, ಚೂಪು ಮಾಡಿಕೊಂಡರೆ ಮೂವತ್ತು. ಹಾಗೇ ಇದು. ಅಲೆ ಚಿಕ್ಕದಾದಷ್ಟೂ ಗುರುತುಗಳನ್ನು ಒತ್ತೊತ್ತಾಗಿ ಕೂರಿಸಬಹುದು.

ಸೋಜಿಗವೆಂದರೆ ಎಚ್‌ಡಿ ಡಿವಿಡಿ ಬಳಸಿದ್ದೂ ಅದೇ 405 ನ್ಯಾನೊಮೀಟರ್ ಲೇಸರನ್ನೇ. ಮತ್ತೆ ವ್ಯತ್ಯಾಸ ಎಲ್ಲಿ? ಆಳದಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಹಳೆಯ ಡಿವಿಡಿಯಂತೆಯೇ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿತ್ತು. ಬ್ಲೂ-ರೇಯಲ್ಲಿ ಬರೀ 0.1 ಮಿಲಿಮೀಟರ್. ಪದರ ಮೇಲಿದ್ದರೆ ಲೆನ್ಸ್ ಬೆಳಕನ್ನು ಇನ್ನೂ ಸಣ್ಣ ಚುಕ್ಕೆಯಾಗಿ ಕೂಡಿಸಬಹುದು. ಅದಕ್ಕೇ ಒಂದು ಪದರಕ್ಕೆ ಎಚ್‌ಡಿ ಡಿವಿಡಿ 15 ಜಿಬಿ ಹಿಡಿದರೆ ಬ್ಲೂ-ರೇ 25 ಜಿಬಿ ಹಿಡಿಯಿತು. ಎರಡು ಪದರವಾದರೆ 30ಕ್ಕೆ 50. ಡಿವಿಡಿ ಎರಡು ಪದರದಲ್ಲೂ 8.5 ಜಿಬಿ ದಾಟುವುದಿಲ್ಲ. 2016ರಲ್ಲಿ ಬಂದ 4ಕೆ ಡಿಸ್ಕ್ 100 ಜಿಬಿವರೆಗೂ ಹೋಗುತ್ತದೆ.

ಎಚ್‌ಡಿ ಡಿವಿಡಿಯವರದ್ದೂ ದಡ್ಡತನವೇನಲ್ಲ. ಪದರ ಅದೇ ಆಳದಲ್ಲಿದ್ದರೆ ಡಿವಿಡಿ ಒತ್ತುವ ಹಳೆಯ ಯಂತ್ರಗಳನ್ನೇ ಸ್ವಲ್ಪ ತಿದ್ದಿ ಬಳಸಬಹುದಿತ್ತು. ಖರ್ಚು ಕಮ್ಮಿ. ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಿತ್ತು.

ನಿಮಗೆ ಬೇಕಾದ ಲೆಕ್ಕ ಇಷ್ಟು: ಹೊಸ ಡ್ರೈವ್ ಹಳೆಯ ಡಿಸ್ಕನ್ನು ಓದುತ್ತದೆ, ಹಳೆಯ ಡ್ರೈವ್ ಹೊಸದನ್ನು ಓದುವುದಿಲ್ಲ. 4ಕೆ ಡ್ರೈವ್‌ನಲ್ಲಿ ಬ್ಲೂ-ರೇ, ಡಿವಿಡಿ ಎರಡೂ ಓಡುತ್ತವೆ. ಬ್ಲೂ-ರೇ ಡ್ರೈವ್‌ನಲ್ಲಿ 4ಕೆ ಓಡುವುದಿಲ್ಲ. ಎಚ್‌ಡಿ ಡಿವಿಡಿ ಮಾತ್ರ ಈ ವಂಶಾವಳಿಯಲ್ಲೇ ಇಲ್ಲ. ಯಾವ ಕನ್ಸೋಲ್‌ನ ಒಳಗೂ ಅದರ ಡ್ರೈವ್ ಯಾವತ್ತೂ ಬರಲಿಲ್ಲ.

ಹಂತ 3: ಹಳೆಯ ಜಗಳದಿಂದ ಒಂದು ಪಾಠ ಎತ್ತಿಕೊಳ್ಳಿ

ಡಿವಿಡಿಯ ಜಾಗಕ್ಕೆ ಯಾರು ಬರಬೇಕು ಅಂತ ಬ್ಲೂ-ರೇಗೂ ಎಚ್‌ಡಿ ಡಿವಿಡಿಗೂ ಒಂದು ಕಾಲಕ್ಕೆ ಜಗಳವಿತ್ತು. ಹಳೆ ಕತೆ ಯಾಕೆ ಅನ್ನಬೇಡಿ. ಕೊಳ್ಳುವಾಗ ಏನು ಕೇಳಬೇಕು ಅನ್ನುವುದು ನನಗೆ ಗೊತ್ತಾಗಿದ್ದೇ ಇದರಿಂದ.

ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಬಂದದ್ದು ನವೆಂಬರ್ 2005ರಲ್ಲಿ. ಅಮೆರಿಕದಲ್ಲಿ 299 ಮತ್ತು 399 ಡಾಲರ್‌ನ ಎರಡು ಮಾದರಿ. ಒಳಗಿದ್ದದ್ದು ಸಾದಾ ಡಿವಿಡಿ ಡ್ರೈವ್. ವರ್ಷದ ನಂತರ, ನವೆಂಬರ್ 2006ರಲ್ಲಿ, ಸೋನಿಯ ಪ್ಲೇಸ್ಟೇಷನ್ 3 ಬಂತು. 499 ಮತ್ತು 599 ಡಾಲರ್. ದುಬಾರಿ ಅಂತ ಎಲ್ಲರೂ ಬೈದರು. ಆದರೆ ಅದರೊಳಗೆ ಬ್ಲೂ-ರೇ ಡ್ರೈವ್ ಇತ್ತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕಕ್ಕೆ ಬಂದ ಮೊದಲ ಬ್ಲೂ-ರೇ ಪ್ಲೇಯರ್‌ನ ಬೆಲೆಯೇ ಸಾವಿರ ಡಾಲರ್ ಹತ್ತಿರ. ಸಿನಿಮಾ ನೋಡುವವರ ಲೆಕ್ಕದಲ್ಲಿ ಆ ‘ದುಬಾರಿ’ ಕನ್ಸೋಲ್ ಅಗ್ಗದ ಮಾಲು!

ಮೈಕ್ರೊಸಾಫ್ಟ್ ನಿಂತದ್ದು ಎಚ್‌ಡಿ ಡಿವಿಡಿ ಪಕ್ಷದಲ್ಲಿ. ತೋಷಿಬಾ ಮುಂದಾಳು, ಜೊತೆಗೆ ಎನ್‌ಇಸಿ, ಇಂಟೆಲ್. ಎಕ್ಸ್‌ಬಾಕ್ಸ್ 360ಗೆ 199 ಡಾಲರ್‌ನ ಪ್ರತ್ಯೇಕ ಎಚ್‌ಡಿ ಡಿವಿಡಿ ಡ್ರೈವ್ ತಂದರು. ಯುಎಸ್‌ಬಿಯಲ್ಲಿ ಸಿಕ್ಕಿಸಬೇಕು, ಅದಕ್ಕೆ ಬೇರೆ ಪವರ್ ವೈರ್. ಮುಖ್ಯ ಮಾತು ಮುಂದಿದೆ: ಆ ಡ್ರೈವ್ ಬರೀ ಸಿನಿಮಾಕ್ಕೆ. ಗೇಮ್‌ಗಳು ಕೊನೆಯವರೆಗೂ ಸಾದಾ ಡಿವಿಡಿಯಲ್ಲೇ ಬಂದವು. ಫೈನಲ್ ಫ್ಯಾಂಟಸಿ 13 ಗೇಮ್ ಪ್ಲೇಸ್ಟೇಷನ್‌ಗೆ ಒಂದು ಡಿಸ್ಕ್‌ನಲ್ಲಿ ಹಿಡಿದರೆ ಎಕ್ಸ್‌ಬಾಕ್ಸ್‌ಗೆ ಮೂರು ಬೇಕಾದವು.

ಅಂದರೆ ಒಂದು ಕಡೆ ಗೇಮ್‌ಗೆಂದು ಕೊಂಡ ಪ್ರತಿಯೊಬ್ಬನ ಮನೆಗೂ ಬ್ಲೂ-ರೇ ಪ್ಲೇಯರ್ ತಾನಾಗೇ ಬಂದು ಕೂತಿತು. ಇನ್ನೊಂದು ಕಡೆ ಸಿನಿಮಾ ಬೇಕು ಅಂದವನು ಮತ್ತೆ ಪರ್ಸ್ ತೆಗೆಯಬೇಕಿತ್ತು. ಜನವರಿ 2008ರಲ್ಲಿ ಹಾಲಿವುಡ್ ಸ್ಟುಡಿಯೊ ವಾರ್ನರ್ ಇನ್ನು ಬ್ಲೂ-ರೇ ಮಾತ್ರ ಎಂದಿತು. ಫೆಬ್ರುವರಿ 19ಕ್ಕೆ ತೋಷಿಬಾ ಕೈ ಮುಗಿಯಿತು. ಹುಟ್ಟಿದ ಎರಡು ವರ್ಷಕ್ಕೆ ಎಚ್‌ಡಿ ಡಿವಿಡಿ ಕತೆ ಮುಗಿದಿತ್ತು. ಗೆಲುವು ಪೂರ್ತಿ ಕನ್ಸೋಲ್‌ನದೇ ಅನ್ನಲಾರೆ, ಸ್ಟುಡಿಯೊಗಳ ಒಪ್ಪಂದಗಳೂ ಇದ್ದವು. ಆದರೂ ನನ್ನ ಪ್ರಕಾರ ಬೇರೆ ಕೊಳ್ಳುವ ಡ್ರೈವ್ ಮತ್ತು ಒಳಗೇ ಇರುವ ಡ್ರೈವ್ ನಡುವಿನ ವ್ಯತ್ಯಾಸವೇ ದೊಡ್ಡದು.

ಇದೆಲ್ಲದರ ನಡುವೆ ನಿಂಟೆಂಡೊ ವೀ ಎನ್ನುವ ಪುಟ್ಟ ಪೆಟ್ಟಿಗೆ ಡಿವಿಡಿ ಸಿನಿಮಾವನ್ನೂ ತೋರಿಸದೆ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ಸಿನಿಮಾ ಎಲ್ಲರಿಗೂ ಬೇಕಿರಲಿಲ್ಲ ಅಂತ ಕಾಣುತ್ತದೆ.

ಹಂತ 4: ಪೆಟ್ಟಿಗೆಯ ಮೇಲಿನ ಹೆಸರನ್ನು ಪೂರ್ತಿ ಓದಿ

ಜನ ಜಾಸ್ತಿ ಎಡವುವುದು ಇಲ್ಲಿ. ಒಂದೇ ಹೆಸರು, ನಾಲ್ಕು ಮಾದರಿ.

ಪ್ಲೇಸ್ಟೇಷನ್ 5ರ ಡ್ರೈವ್ ಇರುವ ಮಾದರಿ 4ಕೆ, ಬ್ಲೂ-ರೇ, ಡಿವಿಡಿ ಮೂರನ್ನೂ ಓಡಿಸುತ್ತದೆ. ‘ಡಿಜಿಟಲ್ ಎಡಿಷನ್’ ಅಂತ ಇದ್ದರೆ ಡ್ರೈವ್ ಇಲ್ಲ. 2020ರ ಮೊದಲ ಡಿಜಿಟಲ್ ಎಡಿಷನ್‌ಗೆ ಆಮೇಲೆ ಡ್ರೈವ್ ಸೇರಿಸಲೂ ಆಗುವುದಿಲ್ಲ. 2023ರ ಕೊನೆಗೆ ಬಂದ ತೆಳು ಮಾದರಿಗೆ ಡ್ರೈವ್ ಬೇರೆ ತಂದು ಸಿಕ್ಕಿಸಬಹುದು. 2024ರ ಪ್ರೊ ಮಾದರಿ ಡ್ರೈವ್ ಇಲ್ಲದೆಯೇ ಬರುತ್ತದೆ, ಅದಕ್ಕೂ ಇದೇ ಡ್ರೈವ್ ಹೊಂದುತ್ತದೆ. ಮೊದಲ ಸಲ ಸಿಕ್ಕಿಸಿದಾಗ ಇಂಟರ್ನೆಟ್ ಇರಲೇಬೇಕು. ನೋಡಿ, 199 ಡಾಲರ್‌ನ ಆ ಹಳೆಯ ಉಪಾಯ ಈಗ ಗೆದ್ದವರ ಮನೆಗೇ ಬಂದಿದೆ.

ಎಕ್ಸ್‌ಬಾಕ್ಸ್ ಕಡೆ ಸೀರೀಸ್ ಎಕ್ಸ್‌ನಲ್ಲಿ 4ಕೆ ಡ್ರೈವ್ ಇದೆ. ಆದರೆ ಡ್ರೈವ್ ಇಲ್ಲದ ಸೀರೀಸ್ ಎಕ್ಸ್ ಕೂಡ 2024ರಲ್ಲಿ ಬಂದಿದೆ, ಹುಷಾರು. ಸೀರೀಸ್ ಎಸ್‌ನಲ್ಲಿ ಡ್ರೈವ್ ಇಲ್ಲವೇ ಇಲ್ಲ. ಡ್ರೈವ್ ಇದ್ದರೂ ಬ್ಲೂ-ರೇ ಆ್ಯಪ್ ಇಳಿಸಿಕೊಳ್ಳದೆ ಸಿನಿಮಾ ಶುರುವಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಒಂದು ತಮಾಷೆ ಗೊತ್ತಿರಲಿ. 2016ರ ಎಕ್ಸ್‌ಬಾಕ್ಸ್ ಒನ್ ಎಸ್ 4ಕೆ ಡಿಸ್ಕ್ ಓದುತ್ತದೆ. ಅದೇ ವರ್ಷದ, 4ಕೆ ಗೇಮ್‌ಗೆಂದೇ ಬಂದ ಪ್ಲೇಸ್ಟೇಷನ್ 4 ಪ್ರೊ ಓದುವುದಿಲ್ಲ! ಬ್ಲೂ-ರೇ ಕಟ್ಟಿದ ಕಂಪನಿಗಳಲ್ಲಿ ಸೋನಿಯೂ ಒಂದು, ಅಲ್ವಾ? ಆದರೂ ಹೀಗೆ. 3ಡಿ ಬ್ಲೂ-ರೇ ಇಟ್ಟುಕೊಂಡವರಿಗೆ ಮಾತ್ರ ಪ್ಲೇಸ್ಟೇಷನ್ 4 ಇನ್ನೂ ಕೆಲಸಕ್ಕೆ ಬರುತ್ತದೆ. 5ರಲ್ಲಿ 3ಡಿ ಓಡುವುದಿಲ್ಲ.

ನಿಂಟೆಂಡೊ ಸ್ವಿಚ್‌ಗೆ ಡಿಸ್ಕೇ ಇಲ್ಲ.

ಹಂತ 5: ಟಿವಿ, ಶಬ್ದ, ರೀಜನ್

ಡಿವಿಡಿ ಚಿತ್ರದಲ್ಲಿ ಹೆಚ್ಚೆಂದರೆ 4 ಲಕ್ಷ ಚಿಲ್ಲರೆ ಪಿಕ್ಸೆಲ್. ಬ್ಲೂ-ರೇಯಲ್ಲಿ ಸುಮಾರು 20.7 ಲಕ್ಷ. 4ಕೆಯಲ್ಲಿ ಸುಮಾರು 83 ಲಕ್ಷ. ಟಿವಿ ಬರೀ ಫುಲ್ ಎಚ್‌ಡಿ ಆಗಿದ್ದರೆ 4ಕೆ ಡಿಸ್ಕ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. 4ಕೆ ಟಿವಿ ಇದ್ದರೆ ಎಚ್‌ಡಿಆರ್ (ಬೆಳಕು-ನೆರಳಿನ ಅಂತರವನ್ನು ಎದ್ದು ಕಾಣಿಸುವ ತಂತ್ರ) ಇದೆಯೇ ನೋಡಿ. ಕಣ್ಣಿಗೆ ಹೊಡೆದು ಕಾಣುವುದು ಪಿಕ್ಸೆಲ್‌ಗಿಂತ ಬೆಳಕು-ನೆರಳಿನ ಆ ವ್ಯತ್ಯಾಸವೇ. ಎಚ್‌ಡಿಆರ್‌ನ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್ ಇರುವ ಡಿಸ್ಕ್ ಹಾಕಿದರೂ ಪ್ಲೇಸ್ಟೇಷನ್ 5, ಸೀರೀಸ್ ಎಕ್ಸ್ ಎರಡೂ ಅದನ್ನು ಮಾಮೂಲಿ ಎಚ್‌ಡಿಆರ್ 10 ಆಗಿಯೇ ತೋರಿಸುತ್ತವೆ. ಅದು ಬೇಕೇ ಬೇಕು ಅನ್ನುವವರು ಪ್ರತ್ಯೇಕ ಪ್ಲೇಯರ್ ನೋಡಿಕೊಳ್ಳಿ.

ಹೋಮ್ ಥಿಯೇಟರ್ ಇದ್ದು ಡಾಲ್ಬಿ ಆಟ್ಮಾಸ್ (ಸುತ್ತಲಿಂದಲೂ ಮೇಲಿನಿಂದಲೂ ಕೇಳಿಸುವ ಶಬ್ದ) ಬರುತ್ತಿಲ್ಲವೇ? ಪ್ಲೇಸ್ಟೇಷನ್‌ನಲ್ಲಾದರೆ ಡಿಸ್ಕ್ ಓಡುತ್ತಿರುವಾಗಲೇ ಪ್ಲೇಯರ್‌ನ ಸೆಟ್ಟಿಂಗ್‌ಗೆ ಹೋಗಿ ಆಡಿಯೊವನ್ನು ‘ಬಿಟ್‌ಸ್ಟ್ರೀಮ್’ಗೆ (ಶಬ್ದವನ್ನು ಬಿಡಿಸದೆ ಹಾಗೇ ಹೋಮ್ ಥಿಯೇಟರ್‌ಗೆ ಕಳಿಸುವ ಆಯ್ಕೆ) ಬದಲಿಸಿ. ಕನ್ಸೋಲ್‌ನ ಮುಖ್ಯ ಸೆಟ್ಟಿಂಗ್‌ನಲ್ಲಿ ಹುಡುಕುತ್ತಾ ಕೂತರೆ ಸಂಜೆ ಹಾಳು.

ಬ್ಲೂ-ರೇಗೆ ಎ, ಬಿ, ಸಿ ಎಂದು ಮೂರು ರೀಜನ್, ಅಂದರೆ ಯಾವ ದೇಶಗಳ ಯಂತ್ರದಲ್ಲಿ ಓಡಬೇಕು ಅನ್ನುವ ವಿಭಾಗ. ಡಬ್ಬಿಯ ಹಿಂದೆ ಪುಟ್ಟ ಅಕ್ಷರ ಇರುತ್ತದೆ. ಅದು ನಿಮ್ಮ ಕನ್ಸೋಲ್‌ನ ರೀಜನ್‌ಗೆ ಹೊಂದದಿದ್ದರೆ ಡಿಸ್ಕ್ ಓಡದು. 4ಕೆ ಡಿಸ್ಕ್‌ಗೆ ಈ ಕಾಟ ಇಲ್ಲ.

ಹಂತ 6: ಹಳೆಯ ಕನ್ಸೋಲ್ ಕೊಳ್ಳುವಾಗ ಪರೀಕ್ಷೆ

ಮಾರುವವರು ಒಂದು ಡಿವಿಡಿ ಹಾಕಿ ‘ನೋಡಿ, ಓಡ್ತಿದೆ’ ಅಂತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಡಿವಿಡಿ ಓಡಿಸುವುದು ಕೆಂಪು ಲೇಸರ್, ಬ್ಲೂ-ರೇ ಓಡಿಸುವುದು ನೀಲಿ. ನೀಲಿ ಸತ್ತುಹೋಗಿದ್ದರೂ ಕೆಂಪು ಆರಾಮಾಗಿರುತ್ತದೆ. ಆದ್ದರಿಂದ ನಿಮ್ಮದೇ ಡಿಸ್ಕ್‌ಗಳನ್ನು ಒಯ್ಯಿರಿ. ಎರಡು ಪದರದ, ಉದ್ದದ ಸಿನಿಮಾದ ಬ್ಲೂ-ರೇ ಒಂದು, 4ಕೆ ಓದಬೇಕಾದ ಮಾದರಿಯಾದರೆ 4ಕೆ ಒಂದು. ಮೊದಲ ಐದು ನಿಮಿಷ ನೋಡಿ, ನಡುವಿಗೆ ಹಾರಿ, ಕೊನೆಗೆ ಹಾರಿ. ಎಲ್ಲೂ ತಡವರಿಸಬಾರದು. ಡ್ರೈವ್ ಕೆಟ್ಟರೆ ಇನ್ನೊಂದು ಕನ್ಸೋಲ್‌ನದ್ದು ತಂದು ಹಾಕಿದರಾಯಿತು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಡ್ರೈವ್ ಮತ್ತು ಒಳಗಿನ ಬೋರ್ಡು ಜೋಡಿ. ಬೇರೆ ಡ್ರೈವನ್ನು ಬೋರ್ಡು ಸುಲಭಕ್ಕೆ ಒಪ್ಪುವುದಿಲ್ಲ.

ಹಳೆಯ ಡಿಸ್ಕ್ ಕೊಳ್ಳುವಾಗ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬ್ಲೂ-ರೇ ಮೇಲೆ ಗಟ್ಟಿ ಲೇಪ ಇರುವುದರಿಂದ ಸಣ್ಣ ಗೀರು ಬೀಳುವುದು ಕಮ್ಮಿ. ಆದರೆ ಮಾಹಿತಿ ಇರುವುದು ಮೇಲ್ಮೈಯಿಂದ 0.1 ಮಿಲಿಮೀಟರ್ ಕೆಳಗೆ, ನೆನಪಿದೆಯಲ್ಲ? ಡಿವಿಡಿಗೆ ಮಾಡುವಂತೆ ಉಜ್ಜಿ ಪಾಲಿಶ್ ಮಾಡಿಸಲು ಹೋದರೆ ಇದ್ದದ್ದೂ ಹೋದೀತು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸಾಕು.

ನಿಮಗೆ ಗೇಮ್ ಬೇಡವೇ ಬೇಡ, ಸಿನಿಮಾ ಮಾತ್ರ ಅಂದರೆ ಕನ್ಸೋಲ್ ಯಾಕೆ? ಸಿನಿಮಾ ತೋರಿಸಲು ಅದು ಜಾಸ್ತಿ ಕರೆಂಟ್ ತಿನ್ನುತ್ತದೆ, ರಿಮೋಟ್ ಬೇರೆ ಕೊಳ್ಳಬೇಕು. ಪ್ಲೇಸ್ಟೇಷನ್ 3ಕ್ಕಂತೂ ಇನ್‌ಫ್ರಾರೆಡ್ ಕಣ್ಣೇ ಇರಲಿಲ್ಲ, ಮನೆಯ ಮಾಮೂಲಿ ರಿಮೋಟ್ ಒತ್ತಿದರೆ ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ.

ಅಂದ ಹಾಗೆ ಆ ಕೆಂಪು ಡಬ್ಬಿಗಳು. ಎಸೆಯುವ ಮುಂಚೆ ಒಂದನ್ನು ಕೈಯಲ್ಲಿ ಹಿಡಿದು ಸುಮ್ನೆ ತಿರುಗಿಸಿದೆ. ಹಿಂಬದಿಯಲ್ಲೂ ಚಿತ್ರವಿಲ್ಲ, ಎರಡೂ ಮುಖ ಹೊಳೆಯುತ್ತಿತ್ತು. ನಡುವಿನ ಉಂಗುರದಲ್ಲಿ ಇರುವೆಯಷ್ಟು ಅಕ್ಷರ: ಒಂದು ಮುಖಕ್ಕೆ ಎಚ್‌ಡಿ ಡಿವಿಡಿ, ಇನ್ನೊಂದಕ್ಕೆ ಡಿವಿಡಿ. ಆ ಕಾಲದಲ್ಲಿ ಎಷ್ಟೋ ಸಿನಿಮಾಗಳನ್ನು ಹೀಗೆ ಎರಡು ಮುಖದಲ್ಲಿ ಒತ್ತುತ್ತಿದ್ದರು. ಮಗುಚಿ ಹಾಕಿದೆ. ಟಿಕ್ ಟಿಕ್, ಸುಯ್. ಈ ಸಲ ನಾಲಿಗೆ ಚಾಚಲಿಲ್ಲ.