ಮ್ಯೂಸಿಯಂನಲ್ಲಿ ಬುಕ್ ಕ್ಲಬ್ ಮಾಡ್ತೀರಾ? ಪುಸ್ತಕದಿಂದ ಶುರು ಮಾಡಬೇಡಿ

ಕಲೆಯ ಬಗ್ಗೆ ಬುಕ್ ಕ್ಲಬ್ ಮಾಡೋಣ ಅಂದ ಕೂಡಲೇ ಎಲ್ಲರೂ ಪುಸ್ತಕದ ಪಟ್ಟಿ ಹಿಡಿದು ಕೂರುತ್ತಾರೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಓದಿ ಹರಟೆ ಹೊಡೆಯೋದಕ್ಕೆ ಯಾರದ್ದಾದರೂ ಮನೆ ಸಾಕು, ಮ್ಯೂಸಿಯಂ ಯಾಕೆ ಬೇಕು ಅಲ್ವಾ? ಮೊದಲು ಗ್ಯಾಲರಿ ಸುತ್ತಿ, ಹತ್ತು ನಿಮಿಷ ನಿಂತು ನೋಡುವಂಥ ಒಂದೇ ಒಂದು ವಸ್ತು ಆರಿಸಿ. ಹಳೇ ಫೋಟೊ, ಮಡಕೆ, ಕೈಮಗ್ಗದ ಬಟ್ಟೆ, ಏನಾದರೂ ಸರಿ. ಅದಕ್ಕೆ ಹೊಂದುವ ಓದು ಆಮೇಲೆ ಹುಡುಕಿ.

ಇಡೀ ಪುಸ್ತಕವೇ ಆಗಬೇಕು ಅಂತೇನಿಲ್ಲ. ಒಂದು ಅಧ್ಯಾಯ ಸಾಕು, ಪತ್ರ ಆದರೆ ಇನ್ನೂ ಒಳ್ಳೇದು. ಮೊದಲ ಸಭೆಗೆ ನಾನು ಹೇಳೋದು ಚಿತ್ರಕಾರ ವ್ಯಾನ್ ಗೋ ಬರೆದ ಪತ್ರಗಳನ್ನು. ಇಂಗ್ಲಿಷ್ ಅನುವಾದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅವನ ಮೂಲ ಚಿತ್ರ ನಿಮ್ಮಲ್ಲಿ ಇರಲ್ಲ ನಿಜ, ಈ ಒಂದು ಸಲಕ್ಕೆ ಒಳ್ಳೇ ಬಣ್ಣದ ಪ್ರಿಂಟ್ ನಡೆಯುತ್ತದೆ. 1888ರ ಅಕ್ಟೋಬರ್‌ನಲ್ಲಿ ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಅವನು ತನ್ನ ಮಲಗುವ ಕೋಣೆಯ ಚಿತ್ರದ ಬಣ್ಣಗಳನ್ನು ಒಂದೊಂದಾಗಿ ಹೇಳುತ್ತಾನೆ: ಗೋಡೆ ತಿಳಿ ನೇರಳೆ, ನೆಲಕ್ಕೆ ಕೆಂಪು ಟೈಲ್ಸ್, ಮಂಚ ಕುರ್ಚಿ ಎಲ್ಲ ಹೊಸ ಬೆಣ್ಣೆಯ ಹಳದಿ. ಇದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಚಿತ್ರ ತೋರಿಸಿ. ಗೋಡೆ ನೀಲಿ! ಅವನು ಸುಳ್ಳು ಹೇಳಿದನಾ, ಪ್ರಿಂಟ್ ಸರಿಯಿಲ್ವಾ, ಆಮೇಲೆ ಮನಸ್ಸು ಬದಲಾಯಿಸಿದನಾ ಅಂತ ಜನ ತಾವೇ ಜಗಳಕ್ಕೆ ಇಳೀತಾರೆ, ನೀವು ಬಾಯಿಬಿಡಬೇಡಿ. ನೇರಳೆಯಲ್ಲಿದ್ದ ಕೆಂಪು ಬಣ್ಣ ವರ್ಷಗಳು ಕಳೆದಂತೆ ಮಾಸಿಹೋಗಿ ನೀಲಿ ಮಾತ್ರ ಉಳಿದಿದೆ ಅನ್ನೋದನ್ನು ಕೊನೆಗೆ ಹೇಳಿದರಾಯಿತು.

ಮ್ಯೂಸಿಯಂನವರು ದೀಪ ಮಂದ ಇಡೋದೂ ಬೆಳಕಿಗೆ ಬಣ್ಣ ಮಾಸುವ ಇದೇ ಭಯಕ್ಕೆ. ಕಾಗದ, ಬಟ್ಟೆ ಇರುವ ಕಡೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಅಷ್ಟೇ. ಅಲ್ಲಿ ನಿಂತು ಪುಟ ಓದೋದು ಕಣ್ಣಿಗೆ ಶಿಕ್ಷೆ. ಆದ್ದರಿಂದ ನೋಡುವುದು ಗ್ಯಾಲರಿಯಲ್ಲಿ, ಓದು ಮಾತು ಟೀ ಎಲ್ಲ ಬೇರೆ ಕೋಣೆಯಲ್ಲಿ. ಬರೆದುಕೊಳ್ಳುವವರಿಗೆ ಪೆನ್ಸಿಲ್ ಕೊಡಿ, ಪೆನ್ನು ಬ್ಯಾಗಲ್ಲೇ ಇರಲಿ, ಶಾಯಿ ತಗುಲಿದರೆ ತೆಗೆಯೋದು ಕಷ್ಟ.

ನೋಡುವಾಗ ಪಕ್ಕದ ಫಲಕ ಓದಬೇಡಿ ಅನ್ನಿ. ಅದನ್ನು ಓದಿದ ಮೇಲೆ ಎಷ್ಟೋ ಜನ ವಸ್ತುವನ್ನು ಮತ್ತೆ ನೋಡುವುದೇ ಇಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳಿ. ಮನಶ್ಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಣದಲ್ಲಿದ್ದ ಫಿಲಿಪ್ ಯೆನವೈನ್, ಕಲೆಯನ್ನು ನೋಡೋದು ಕಲಿಸೋಕೆ ರೂಪಿಸಿದ ವಿಧಾನದವು ಇವು: ಇಲ್ಲಿ ಏನು ನಡೀತಿದೆ? ಯಾವುದನ್ನು ನೋಡಿ ಹಾಗಂತೀರಿ? ಇನ್ನೇನು ಕಾಣ್ತಿದೆ? ಎರಡನೆಯದನ್ನು ಮಾತ್ರ ಬಿಡಬೇಡಿ. ಹಳೇ ಫೋಟೊ ನೋಡಿ ಯಾರಾದರೂ ‘ಆ ಹೆಂಗಸು ಬೇಜಾರಲ್ಲಿದ್ದಾಳೆ’ ಅಂದರೆ ‘ಎಲ್ಲಿ ಕಾಣ್ತು?’ ಅನ್ನಿ. ಅವರು ಹತ್ತಿರ ಹೋಗಿ ಅವಳ ಹೆಬ್ಬೆರಳು ಸೆರಗಿನ ಅಂಚನ್ನು ಹಿಡಿದಿರೋದನ್ನು ತೋರಿಸುತ್ತಾರೆ, ಅದು ಅಲ್ಲಿಯವರೆಗೆ ಯಾರಿಗೂ ಕಂಡಿರಲ್ಲ. ಆಮೇಲೆ ಓದಿನ ಬಗ್ಗೆ ಮಾತಾಡುವಾಗಲೂ ಇದೇ ಪ್ರಶ್ನೆ: ಯಾವ ಸಾಲು?

ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ, ಹಿಂದೆ ನಿಂತವರಿಗೆ ಏನೂ ಕಾಣಲ್ಲ. ಓದದೆ ಬಂದವರನ್ನು ಸುಮ್ನೆ ಬಿಡಿ, ನೋಡೋದಕ್ಕಂತೂ ಅವರಿಗೆ ಅಡ್ಡಿಯಿಲ್ಲ. ಕಲಾವಿದರನ್ನೋ ಮೇಷ್ಟ್ರನ್ನೋ ಕರೆಸಿದ್ದರೆ ಕೊನೆಯ ಕಾಲು ಗಂಟೆ ಅವರಿಗೆ ಕೊಡಿ. ಮೊದಲೇ ಮೈಕ್ ಕೊಟ್ಟರೆ ಅದು ಭಾಷಣ, ಉಳಿದವರೆಲ್ಲ ತಲೆಯಾಡಿಸುತ್ತಾ ಕೂತಿರ್ತಾರೆ. ಮುಂದಿನ ಸಲದ ವಸ್ತುವನ್ನು ಹೊರಡುವ ಮುಂಚೆ ಎಲ್ಲರೂ ಸೇರಿ ಆರಿಸಿ, ಓದು ಯಾವುದು ಅಂತ ಒಂದು ವಾರದಲ್ಲಿ ತಿಳಿಸಿ.