ಮಂಚದ ಬೀಟೆ, ಅಟ್ಟದ ಹೊಗೆ: ಕ್ಯೂ ಕಡೆದ ನನ್ನ ಅನುಭವ

ಹೋದ ಅಕ್ಟೋಬರ್‌ನಲ್ಲಿ ನಮ್ಮ ಪೂಲ್ ಕ್ಲಬ್ಬಿನ ಮಾರ್ಕರ್ (ಟೇಬಲ್ ನೋಡಿಕೊಳ್ಳುವವರು) ನಾನೇ ಮಾಡಿದ ಕ್ಯೂ, ಅಂದರೆ ಬಾಲ್ ಹೊಡೆಯುವ ಕೋಲು, ಎತ್ತಿಕೊಂಡು, ಮೂರನೇ ಟೇಬಲ್ ಮೇಲೆ ಇಟ್ಟು ಉರುಳಿಸಿದರು. ಒಂದು ಸಲ, ಎರಡು ಸಲ. ಆಮೇಲೆ ಬಗ್ಗಿ, ಟೇಬಲ್ ಬಟ್ಟೆಗೂ ಶಾಫ್ಟಿಗೂ (ಕ್ಯೂವಿನ ತೆಳ್ಳಗಿನ ಮುಂಭಾಗ) ನಡುವೆ ಬೆಳಕು ಕಾಣುತ್ತದಾ ಅಂತ ನೋಡಿದರು. "ಇದು ಇಡೀ ಮಳೆಗಾಲ ಗೋಡೆ ಸ್ಟ್ಯಾಂಡಲ್ಲೇ ಇತ್ತಲ್ವಾ ಸಾರ್?" ಅಂದರು. ಹೌದು, ಇತ್ತು. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಕೇಸ್ ಇಲ್ಲದೆ, ಕಿಟಕಿ ಪಕ್ಕದಲ್ಲಿ ಬೇಕಂತಲೇ ಬಿಟ್ಟಿದ್ದೆ. ಕೂದಲಿನಷ್ಟೂ ಬಾಗಿರಲಿಲ್ಲ. "ಬೆಂಗಳೂರಿನ ಹವೆಯಲ್ಲಿ ಮನೆಯಲ್ಲಿ ಕಡೆದ ಶಾಫ್ಟ್ ಒಂದು ಮಳೆಗಾಲವೂ ನಿಲ್ಲಲ್ಲ" ಅಂತ ಏಳು ವರ್ಷದಿಂದ ಹೇಳುತ್ತಿದ್ದವರು ಮೂರು ಜನ ಅಲ್ಲೇ ನಿಂತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟೇಬಲ್ ಬಿಟ್ಟ ಮೇಲೆ ಎಲ್ಲರಿಗೂ ಒಂದಲ್ಲ ಒಂದು ಹುಚ್ಚು ಇರುತ್ತದೆ. ಪೂಲ್ ಆಟಗಾರ ಎಫ್ರೆನ್ ರೆಯೆಸ್‌ಗೆ ಚದುರಂಗ. ಸ್ನೂಕರ್ ಆಟಗಾರ ರಾನಿ ಒ'ಸಲಿವನ್‌ಗೆ ಓಟ. ಸ್ನೂಕರಿನ ಸ್ಟೀವ್ ಡೇವಿಸ್ ಡಿಜೆಯೂ ಆದರು, ಸಿಂಥಸೈಜರ್ ಹಿಡಿದು ಬ್ಯಾಂಡೇ ಕಟ್ಟಿದರು. ನಮ್ಮ ಗುಂಪಿನಲ್ಲಿ ಒಬ್ಬ ತಾರಸಿ ಮೇಲೆ ಪಾರಿವಾಳ ಸಾಕುತ್ತಾನೆ. ಇನ್ನೊಬ್ಬ ಬೆಳಿಗ್ಗೆ ಐದಕ್ಕೇ ಕಬ್ಬನ್ ಪಾರ್ಕಿನಲ್ಲಿ ಓಡುತ್ತಾನೆ. ನನ್ನದು ಲೇಥ್, ಮರ ತಿರುಗಿಸಿ ಕಡೆಯುವ ಯಂತ್ರ. 2016ರಲ್ಲಿ ಆಟ ಪೂರ್ತಿ ಕೈಕೊಟ್ಟಿತ್ತು. ನೈನ್-ಬಾಲ್‌ನಲ್ಲಿ (ಒಂಬತ್ತನೇ ಬಾಲ್ ಹಾಕಿದವರು ಗೆಲ್ಲುವ ಪೂಲ್ ಆಟ) ಎಂಟು ಹಾಕಿ ಒಂಬತ್ತು ತಪ್ಪಿಸುತ್ತಿದ್ದೆ. ಕ್ಯೂ ಬದಲಾಯಿಸೋಣ ಅಂದರೆ ಒಳ್ಳೆಯದಕ್ಕೆ ನಲವತ್ತು ಸಾವಿರ ಹೇಳಿದರು. ನಾನೇ ಯಾಕೆ ಮಾಡಬಾರದು ಅನ್ನಿಸಿದ್ದು ಆಗ. ಆಮೇಲೆ ಖರ್ಚಾದ ಹಣದಲ್ಲಿ ಅಂಥ ಐದಾರು ಕ್ಯೂ ಬರುತ್ತಿದ್ದವು.

ಲೇಥ್ ಸಿಕ್ಕಿದ್ದು ಪೀಣ್ಯದಲ್ಲಿ, ಮುಚ್ಚುತ್ತಿದ್ದ ಒಂದು ಶೆಡ್‌ನಿಂದ. ಲೋಹ ಕಡೆಯುವ ಹಳೆ ಲೇಥ್, ಬೆಡ್ ನಾಲ್ಕಡಿಗೆ ಸ್ವಲ್ಪ ಜಾಸ್ತಿ. ಎಂಬತ್ತೈದು ಸಾವಿರ ಕೊಟ್ಟ ನೆನಪು. ತ್ರೀ-ಫೇಸ್ ಮೋಟಾರ್ ತೆಗೆಸಿ ಸಿಂಗಲ್-ಫೇಸ್ ಹಾಕಿಸಲು ಒಂಬತ್ತು ಸಾವಿರ. ಟೂಲ್‌ಪೋಸ್ಟ್ ಮೇಲೆ ಟ್ರಿಮ್ಮರ್ (ವೇಗವಾಗಿ ತಿರುಗಿ ಮರ ಕೆತ್ತುವ ಉಪಕರಣ) ಕೂರಿಸಿದೆ, ಕ್ಯೂ ತುದಿ ಕಡೆಗೆ ಸಣ್ಣದಾಗಲು ದಾರಿ ತೋರಿಸುವ ಟೇಪರ್ ಬಾರ್ ನಾನೇ ಉಜ್ಜಿ ಮಾಡಿದೆ. ಟ್ರಿಮ್ಮರ್ ಹೊತ್ತ ಕ್ಯಾರೇಜನ್ನು ಮರದ ಉದ್ದಕ್ಕೂ ಎಳೆಯಲು ಕಾರಿನ ವೈಪರ್ ಮೋಟಾರ್ ಹಾಕಿದೆ. ಎಸ್.ಜೆ.ಪಿ. ರಸ್ತೆಯಲ್ಲಿ ಎಂಟುನೂರಕ್ಕೆ ಸಿಕ್ಕಿದ್ದು, ಇವತ್ತಿಗೂ ಓಡುತ್ತಿದೆ. ಕೈಯಲ್ಲಿ ಹ್ಯಾಂಡಲ್ ತಿರುಗಿಸುವವರಿಗೆ ಇದೊಂದು ಮಾತು ಹೇಳುತ್ತೇನೆ: ನಿಮ್ಮ ಶಾಫ್ಟ್ ಮೇಲಿನ ಏರಿಳಿತ ನೂರಕ್ಕೆ ಎಂಬತ್ತು ಪಾಲು ನಿಮ್ಮ ಕೈಯದೇ. ಮೊದಲು ಆ ಮೋಟಾರ್ ಹಾಕಿ.

ಶಾಫ್ಟಿಗೆ ಬೇಕಾದ ಮೇಪಲ್ ಮರ ಇಲ್ಲಿ ಸುಲಭಕ್ಕೆ ಸಿಗಲ್ಲ. ಅಮೆರಿಕದಿಂದ 20 ಕಡ್ಡಿ ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ ಒಂದೊಂದಕ್ಕೆ 1,500 ರೂಪಾಯಿ ಬಿತ್ತು. ಎಲ್ಲವೂ ಬಾಣದ ಹಾಗೆ ನೆಟ್ಟಗಿದ್ದವು. ನಾನು ಸಂಭ್ರಮದಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಸುತ್ತು ಕಡೆದು 13 ಮಿಲಿಮೀಟರ್‌ಗೆ ಇಳಿಸಿಬಿಟ್ಟೆ. ಆ ಜುಲೈನಲ್ಲಿ 20ರಲ್ಲಿ 17 ಬಾಳೆಹಣ್ಣಾದವು. ಮೂವತ್ತು ಸಾವಿರದಲ್ಲಿ ಉಳಿದದ್ದು ಮೂರು ಕೋಲು.

ಎರಡನೇ ಸಲ ಹುಷಾರಾದೆ. 15 ಕಡ್ಡಿ. ಸುತ್ತಿಗೂ ಸುತ್ತಿಗೂ ನಡುವೆ ಒಂದು ತಿಂಗಳು ಬಿಟ್ಟೆ, ಎಲ್ಲವನ್ನೂ ತುದಿ ಕಟ್ಟಿ ನೇತುಹಾಕಿದೆ. ನಾಲ್ಕು ಉಳಿದವು. ಕ್ಲಬ್ಬಿನಲ್ಲಿ ಒಬ್ಬರು, ಅವರ ಕ್ಯೂಗೆ ಲಕ್ಷದ ಮೇಲೆ ಬೆಲೆ, "ಇದು ನಿನ್ನ ಕೈಲಾಗುವ ಕೆಲಸ ಅಲ್ಲ, ಆ ಹಣದಲ್ಲಿ ಎಲ್ಲಾದರೂ ಒಂದು ಸೈಟ್‌ಗೆ ಅಡ್ವಾನ್ಸ್ ಕೊಡು" ಅಂದರು. ಮನೆಯಲ್ಲೂ ಅದೇ ಮಾತು. 2019ರ ಕೊನೆಗೆ ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಎರಡೂಕಾಲು ಲಕ್ಷ ಹೋಗಿತ್ತು. ಆಡಲು ಯೋಗ್ಯವಾದ ಕ್ಯೂ ಒಂದೂ ಇರಲಿಲ್ಲ.

ಮೂರನೇ ಸಲ 18 ಕಡ್ಡಿ ತರಿಸಿದೆ. ಇದೇ ಕೊನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. 2020ರ ಜನವರಿಯಲ್ಲಿ ಮೊದಲ ಸುತ್ತು, ಮಾರ್ಚ್ ಮೊದಲ ವಾರ ಎರಡನೇ ಸುತ್ತು. ಅಷ್ಟರಲ್ಲಿ ಲಾಕ್‌ಡೌನ್. ಬಸ್ಸು ಬಿಟ್ಟ ತಕ್ಷಣ ತೀರ್ಥಹಳ್ಳಿ ಹತ್ತಿರದ ನಮ್ಮ ಊರಿಗೆ ಹೋದೆವು. ಕಡ್ಡಿಗಳನ್ನು ಬಿಟ್ಟುಹೋಗಲು ಮನಸ್ಸಾಗದೆ ಹಳೆ ಪಂಚೆಯಲ್ಲಿ ಸುತ್ತಿ ಜೊತೆಗೇ ತಂದೆ. ಜೂನ್ ಬಂತು. ಮಲೆನಾಡಿನ ಮಳೆಯಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಸ್ಟು. ನನ್ನ ಕಡ್ಡಿಗಳ ಕತೆ ಮುಗಿಯಿತು ಅಂದುಕೊಂಡೆ. ಅಪ್ಪ ನೋಡಿ, "ಇದನ್ನ್ಯಾಕೆ ಜಗಲಿಯಲ್ಲಿ ಇಟ್ಟಿದ್ದಿ? ಗುದ್ದಲಿ ಕಾವು ಎಲ್ಲಿ ಇಡ್ತೇವೆ ಗೊತ್ತಿಲ್ವಾ?" ಅಂದರು. ಒಲೆ ಮೇಲಿನ ಅಟ್ಟ! ನಮ್ಮ ಕಡೆ ಕತ್ತಿ ಹಿಡಿ, ಗುದ್ದಲಿ ಕಾವು, ನೊಗದ ಮರ ಎಲ್ಲ ಅಲ್ಲೇ ವರ್ಷಗಟ್ಟಲೆ ಇರುತ್ತವೆ. ಬೆಳಿಗ್ಗೆ ಸಂಜೆ ಒಲೆ ಉರಿಯುತ್ತದೆ, ಹದವಾದ ಬಿಸಿ ಏರುತ್ತದೆ, ರಾತ್ರಿ ನಿಧಾನ ಇಳಿಯುತ್ತದೆ. ನಾನು ಚಿಕ್ಕಂದಿನಿಂದ ನೋಡಿದ್ದೇ. ಆದರೆ ಅದಕ್ಕೂ ಪೂಲ್ ಶಾಫ್ಟಿಗೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

18ನ್ನೂ ಅಟ್ಟದ ಜಂತಿಗೆ ನೇತುಹಾಕಿದೆ. ವರ್ಕ್ ಫ್ರಮ್ ಹೋಮ್ ಮುಗಿಯಲೇ ಇಲ್ಲ, ಕಡ್ಡಿಗಳೂ ಅಲ್ಲೇ ಉಳಿದವು. 14 ತಿಂಗಳು. ಇಳಿಸಿದಾಗ ಮಸಿ ಹಿಡಿದು ಒಲೆಗೆ ಹಾಕುವ ಕಟ್ಟಿಗೆ ಥರ ಇದ್ದವು. ಬೆಂಗಳೂರಿಗೆ ತಂದು ಸೆಂಟರ್ ಹಿಡಿದು ತಿರುಗಿಸಿದರೆ ಹೆಚ್ಚಿನವು ಸ್ವಲ್ಪ ಸ್ವಲ್ಪ ಓಡಿದ್ದವು, ಅಂದರೆ ಬಾಗಿದ್ದವು. ಆದರೆ ಅವು ಓಡುವಷ್ಟು ಓಡಿ ಮುಗಿದಿತ್ತು. ಒಂದು ಮಿಲಿಮೀಟರ್ ಕಡೆದೆ, ಎರಡು ತಿಂಗಳು ಬಿಟ್ಟು ಮತ್ತೆ ಬಾಗು ಅಳೆಯುವ ಡಯಲ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. 18ರಲ್ಲಿ 13 ಕೊನೆವರೆಗೆ ನೆಟ್ಟಗೆ ಬಂದವು. ಆ ದಿನ ಶೆಡ್‌ನಲ್ಲಿ ಒಬ್ಬನೇ ಇದ್ದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಅದರಲ್ಲೇನಿದೆ" ಅಂದರು.

ಪ್ರತಿ ಸಲ ಊರಿಗೆ ಸಾಗಿಸಲು ಆಗಲ್ಲ. ಹಾಗಾಗಿ ಇಲ್ಲಿ ಒಂದು ಹಳೆ ಕಬ್ಬಿಣದ ಬೀರುವನ್ನೇ ಅಟ್ಟ ಮಾಡಿದ್ದೇನೆ. ಕೆಳಗೆ 40 ವ್ಯಾಟಿನ ಎರಡು ಬಲ್ಬು. ಹಳೇ ಥರದವೇ ಬೇಕು, ಎಲ್‌ಇಡಿ ಅಷ್ಟು ಬಿಸಿ ಕೊಡಲ್ಲ. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಟೈಮರ್‌ನಲ್ಲಿ ಉರಿಯುತ್ತವೆ. ಬಾಗಿಲಿಗೆ ಮೇಲೊಂದು ಕೆಳಗೊಂದು ತೂತು. ಹೊರಗೆ ಗಾಳಿಯ ತೇವ ಅಳೆಯುವ ಮೀಟರ್ ಮಾರ್ಚಿನಲ್ಲಿ ಶೇಕಡಾ ಮೂವತ್ತರ ಆಸುಪಾಸು, ಆಗಸ್ಟಿನಲ್ಲಿ ಎಂಬತ್ತರ ಮೇಲೆ ತೋರಿಸುತ್ತದೆ. ಬೀರು ಒಳಗೆ ಮಳೆಗಾಲದಲ್ಲೂ 45ರಿಂದ 55. ಯುಗಾದಿ ಕಳೆದ ಮೇಲೆ ಒಂದು ಸುತ್ತು, ದೀಪಾವಳಿ ಕಳೆದ ಮೇಲೆ ಒಂದು ಸುತ್ತು, ಅಷ್ಟೇ. ಎರಡು ವರ್ಷ ಹಿಡಿಯುತ್ತದೆ. ನೇತುಹಾಕುವ ಮೊದಲು ತುದಿಗಳಿಗೆ ಏನು ಸವರುತ್ತೇನೆ, ಯಾವ ತುದಿ ಮೇಲೆ ಬರಬೇಕು, ಅವೆರಡು ನನ್ನ ಹತ್ತಿರವೇ ಇರಲಿ. ಎರಡು ಸಲ ಕಡ್ಡಿ ಕಳೆದುಕೊಂಡು ಕಲಿತದ್ದು.

ಇನ್ನು ಬಟ್, ಅಂದರೆ ಕ್ಯೂವಿನ ದಪ್ಪ ಹಿಂಭಾಗ. ಇಲ್ಲಿ ನನಗೆ ಮೊದಲಿನಿಂದ ಬೀಟೆಯೇ ಬೇಕಿತ್ತು. ಕಾಡಿನ ಬೀಟೆ ಮುಟ್ಟುವ ಹಾಗಿಲ್ಲ, ಅನುಮತಿ ಇಲ್ಲದೆ ಕಡಿದರೆ ಕೇಸು. ಆದರೆ ಹಳೆ ಮಂಚಗಳಲ್ಲಿ ಎಂಬತ್ತು ವರ್ಷ ಒಣಗಿದ ಬೀಟೆ ಕೂತಿದೆ. ಶಿವಾಜಿನಗರದ ಹಳೆ ಸಾಮಾನಿನ ಸಾಲಿನಲ್ಲಿ ಕಾಲು ಮುರಿದ ಒಂದು ಮಂಚ 4,500ಕ್ಕೆ ಸಿಕ್ಕಿತು. ಪಕ್ಕದ ಎರಡು ಪಟ್ಟಿ ಆರಾರು ಅಡಿ. ಒಂದೊಂದರಲ್ಲಿ ಎರಡು ಬಟ್, ತಲೆ ಕಡೆಯ ಹಲಗೆಯಲ್ಲಿ ಇನ್ನೆರಡು. ಅಂಗಡಿಯವನಿಗೆ ನಾನು ಏನು ಮಾಡುತ್ತೇನೆ ಅಂತ ಹೇಳಲಿಲ್ಲ. ಹೇಳಿದ್ದರೆ ಆರು ಸಾವಿರ ಆಗುತ್ತಿತ್ತು. ಕ್ಲಬ್ಬಿನಲ್ಲಿ "ಮಂಚದ ಕ್ಯೂ" ಅಂತ ಹೆಸರಿಟ್ಟರು. ಇಡಲಿ.

ಮಂಚದಲ್ಲಿ ಮೊಳೆ ಇರುತ್ತದೆ. ತಲೆ ಮುರಿದು ಒಳಗೆ ಉಳಿದದ್ದು ಕಣ್ಣಿಗೆ ಕಾಣಲ್ಲ. ಮೊದಲ ಪಟ್ಟಿಯಲ್ಲೇ ಟ್ರಿಮ್ಮರ್ ಬಿಟ್ ಚೂರಾಗಿ ಕಿವಿ ಪಕ್ಕ ಹಾರಿತು. ಈಗ ದೊಡ್ಡ ಸ್ಪೀಕರಿನಿಂದ ತೆಗೆದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪಟ್ಟಿ ಮೇಲೆ ಆಡಿಸುತ್ತೇನೆ. ಮೊಳೆ ಇದ್ದ ಕಡೆ ದಾರ ಎಳೆಯುತ್ತದೆ. ಇನ್ನೊಂದು, ಬೀಟೆ ಪುಡಿ. ಮಾಸ್ಕ್ ಇಲ್ಲದೆ ಮೂರು ದಿನ ಕಡೆದು ಕಣ್ಣು ಊದಿ, ಕುತ್ತಿಗೆ ಸುತ್ತ ಕೆಂಪು ಗಂಧೆ ಎದ್ದು, ಡಾಕ್ಟರಿಗೆ ಎರಡು ಸಾವಿರ ಕೊಟ್ಟೆ. ಬೀಟೆಯ ಪುಡಿ ಎಷ್ಟೋ ಜನರಿಗೆ ಆಗಲ್ಲ. ಒಳ್ಳೆ ಮಾಸ್ಕ್, ತುಂಬು ತೋಳಿನ ಅಂಗಿ, ಹಿಂದೆ ಫ್ಯಾನ್. ದಯವಿಟ್ಟು ಇದರಲ್ಲಿ ಉಳಿಸಬೇಡಿ.

ತೂಕವೂ ಕಾಡಿತು. ಇಡೀ ಬೀಟೆಯ ಮೊದಲ ಕ್ಯೂ 24 ಔನ್ಸ್ ತೂಗಿತು. ಗದೆ ಹಿಡಿದ ಹಾಗೆ. ನಡುವೆ ತೂತು ಕೊರೆದು ಬೀಟೆಗಿಂತ ಹಗುರವಾದ ಮೇಪಲ್ ಕೋರ್ (ಒಳಗಿನ ಕಡ್ಡಿ) ಹಾಕಲೇಬೇಕು ಅಂತಾಯಿತು. ಕೋರ್‌ಗೆ ಎಪಾಕ್ಸಿ ಅಂಟು ಬಳಿದು ತಳ್ಳಿದರೆ ಒಳಗಿನ ಗಾಳಿಗೆ ಹೊರಗೆ ಬರಲು ದಾರಿಯೇ ಇಲ್ಲ. ಅರ್ಧಕ್ಕೆ ನಿಂತುಹೋಯಿತು. ಹೊಡೆದು ಕೂರಿಸಿದೆ, ಮೂರು ಕಡೆ ಅಂಟು ಕೂರಲಿಲ್ಲ. ಮೊದಲ ಬ್ರೇಕ್ (ಆಟ ಶುರುಮಾಡುವ ಹೊಡೆತ) ಹೊಡೆದಾಗ ಹಿಡಿಯೊಳಗೆ ಜೀರುಂಡೆ ಕೂತ ಹಾಗೆ ಜುಂಯ್ ಅಂತು. ಆ ಬಟ್ ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ಈಗ ಕೋರ್ ಮೇಲೆ ಉದ್ದಕ್ಕೂ ಸುರುಳಿ ಗೆರೆ ಹಾಕುತ್ತೇನೆ, ಗಾಳಿ ಅದರಲ್ಲೇ ಹೊರಬರುತ್ತದೆ. ತೂಕ 19 ಔನ್ಸ್ ಆಸುಪಾಸಿಗೆ ಬಂದು ನಿಂತಿದೆ. ಜಾಯಿಂಟ್‌ಗೆ (ಶಾಫ್ಟ್, ಬಟ್ ಸೇರುವ ಜಾಗ) ಬಹಳ ಜನ ಬಳಸುವ 3/8-10 ಅಳತೆಯ ತಿರುಪಿನ ಪಿನ್, ಅದರಲ್ಲಿ ವಿಶೇಷ ಏನಿಲ್ಲ.

ನಡುವೆ ಬೇರೆ ಮರಗಳ ಬೆನ್ನೂ ಹತ್ತಿದ್ದೆ. ಹಲಸು ಹಗುರ, ಹೊಸದರಲ್ಲಿ ಅರಿಸಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ವೀಣೆಗೆ ಇದನ್ನೇ ಯಾಕೆ ಬಳಸುತ್ತಾರೆ ಅಂತ ಕಡೆದಾಗ ಗೊತ್ತಾಯಿತು, ತಟ್ಟಿದರೆ ಸಾಕು, ಹಾಡುತ್ತದೆ. ನನ್ನ ಎರಡನೇ ಕ್ಯೂ ಹಲಸಿನದೇ, ಕೋರ್ ಇಲ್ಲದೆಯೇ 18 ಔನ್ಸ್. ಕರಿಜಾಲಿ ಗಾಡಿ ಚಕ್ರಕ್ಕೆ ಸರಿ, ನನ್ನ ಬ್ಲೇಡಿಗೆ ಸರಿಯಲ್ಲ. ತೆಂಗಿನ ಮರ ನಾರುನಾರಾಗಿ ಎದ್ದುಬಂತು, ಅದರಲ್ಲಿ ವ್ಯರ್ಥವಾದದ್ದು ಎರಡು ಭಾನುವಾರ. ಹುಣಸೆ ಮರದ ನಡುವಿನ ಕರಿ ತಿರುಳು ಮಾತ್ರ ಅದ್ಭುತ. ಆದರೆ 30 ಇಂಚು ಉದ್ದ, ಬಿರುಕಿಲ್ಲದ ತುಂಡು ನನಗೆ ಸಿಕ್ಕಿದ್ದು ಒಂದೇ. ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಬೀಟೆ ಕ್ಯೂ ಕಳಿಸೋಣ ಅಂದುಕೊಂಡಿದ್ದೆ. 2017ರಿಂದ ಬೀಟೆ ಜಾತಿಯ ಮರವೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಗಡಿ ದಾಟಿಸುವ ನಿಯಮದ ತಂಟೆಯೇ ಬೇಡ ಅನ್ನಿಸಿತು. ಅದಕ್ಕೆ ಆ ಹುಣಸೆಯದನ್ನೇ ಅವನಿಗೆ ಮಾಡಿಕೊಟ್ಟೆ.

ಚನ್ನಪಟ್ಟಣಕ್ಕೂ ಹೋಗಿಬಂದೆ. ಅಲ್ಲಿನವರು ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ಕೇದಗೆ ಗರಿ ಹಿಡಿದು ಹೊಳಪು ಕೊಡುತ್ತಾರೆ. ನೋಡುತ್ತಾ ಅರ್ಧ ದಿನ ಕಳೆದೆ. ನಾಲ್ಕು ಬಣ್ಣದ ಕಡ್ಡಿ ಕೊಂಡು ಬಂದು ಒಂದು ಬಟ್ ಪೂರ್ತಿ ಅರಗು ಹಾಕಿದೆ. ಅಷ್ಟು ಚೆಂದದ ಕ್ಯೂ ನಾನು ಇನ್ನೊಂದು ಮಾಡಿಲ್ಲ. ಆದರೆ ಏಪ್ರಿಲ್‌ನಲ್ಲಿ ಎರಡು ಫ್ರೇಮ್ ಆಡುವಷ್ಟರಲ್ಲಿ ಬೆವರಿಗೆ ಹಿಡಿ ಅಂಟತೊಡಗಿತು. ಈಗ ಕೈ ತಾಗದ ಕಡೆ, ಜಾಯಿಂಟ್ ಕೆಳಗೆ ಎರಡು ಬೆರಳಗಲದ ಅರಗಿನ ಪಟ್ಟಿ ಮಾತ್ರ ಹಾಕುತ್ತೇನೆ. ಒಂದು ಕೆಂಪು, ಒಂದು ಹಳದಿ. ಅದೇ ನನ್ನ ಗುರುತು.

ಇಲ್ಲಿಯವರೆಗೆ ಮಾಡಿದ್ದು ಹನ್ನೊಂದು ಕ್ಯೂ. ಆರು ಮಾರಿದ್ದೇನೆ, 14ರಿಂದ 18 ಸಾವಿರದವರೆಗೆ. ಹಾಕಿದ ಹಣ ಇನ್ನೂ ಅರ್ಧವೂ ಬಂದಿಲ್ಲ. ಆದರೆ ಆರರಲ್ಲಿ ಒಂದೂ ಬಾಗಿದೆ ಅಂತ ವಾಪಸ್ ಬಂದಿಲ್ಲ, ಹಳೆಯದಕ್ಕೆ ಮೂರು ಮಳೆಗಾಲ ಆಯಿತು. ಭಾನುವಾರ ಐದಾರು ಗಂಟೆ ಲೇಥ್ ಮುಂದೆ ನಿಂತರೆ ಸೋಮವಾರ ಟೇಬಲ್ ಹತ್ತಿರ ಅವಸರ ಇರಲ್ಲ, ಒಂಬತ್ತನೇ ಬಾಲ್ ಈಗ ಹೋಗುತ್ತದೆ. ಮಾರ್ಕರ್ ಉರುಳಿಸಿ ನೋಡಿದ ಆ ಸಂಜೆ, ಲಕ್ಷದ ಕ್ಯೂ ಇರುವವರು ನನ್ನದನ್ನು ಕೇಳಿ ಪಡೆದು ಒಂದು ರ‍್ಯಾಕ್ ಆಡಿದರು. ಏನೂ ಹೇಳಲಿಲ್ಲ. ಹೊರಡುವಾಗ, ಅವರ ಅಜ್ಜಿ ಮನೆಯಲ್ಲಿ ಒಂದು ಬೀಟೆ ತೊಟ್ಟಿಲು ಮುರಿದು ಬಿದ್ದಿದೆ, ಅದರ ಅಡ್ಡಪಟ್ಟಿ ಎಷ್ಟು ಉದ್ದ ಇರಬೇಕು ಅಂತ ಕೇಳಿದರು. ಮೂವತ್ತು ಇಂಚು ಅಂದೆ. ಮುಂದಿನ ವಾರ ತರುತ್ತಾರಂತೆ.